ರಜೆಯ ಮೇಲಿದ್ದ ಸ್ಪ್ಯಾನರು

ಐವತ್ತು ದಾಟಿದವರಿಗೆ ಒಂದು ಅನುಕೂಲವಿದೆ. ಎಲ್ಲಿ ಏನು ಸದ್ದಾದರೂ ಮೊದಲು ತಮ್ಮ ಮೈಯನ್ನೇ ಅನುಮಾನಿಸಬಹುದು. ಆಯುಧಪೂಜೆಯ ದಿನ ನಮ್ಮ ಮನೆಯ ಗೇಟಿನ ಮುಂದೆ ನನ್ನ ಸೈಕಲ್ಲಿನ ಮುಂಚಕ್ರ ನಿಂಬೆಹಣ್ಣನ್ನು ಜಜ್ಜಿ ಮುಂದಕ್ಕೆ ಹೋದಾಗ ‘ಟಕ್’ ಎಂದಿತು. ನಾನು ಕೂಡಲೇ ಕೆಳಗಿಳಿದು ಎಡ ಮಂಡಿಯನ್ನು ಒತ್ತಿ ನೋಡಿಕೊಂಡೆ. ಅದು ನಿರಪರಾಧಿಯಾಗಿತ್ತು. ಬಲ ಮಂಡಿಯನ್ನೂ ವಿಚಾರಿಸಿಕೊಂಡೆ. ಅದೂ ತನಗೇನೂ ಗೊತ್ತಿಲ್ಲ ಎಂದಿತು. ಮತ್ತೆ ಹತ್ತಿ ಇನ್ನೊಂದು ನಿಂಬೆಹಣ್ಣಿನ ಮೇಲೆ ಹಾಯಿಸಿದೆ. ಮತ್ತೆ ‘ಟಕ್’. ಆಗ ಮಾತ್ರ ಸದ್ದು ನನ್ನದಲ್ಲ, ಸೈಕಲ್ಲಿನದು ಎಂದು ಖಾತ್ರಿಯಾಯಿತು. ನನಗೆ ಎಂಥ ಸಂತೋಷವಾಯಿತೆಂದರೆ, ಸೈಕಲ್ಲು ಕೆಟ್ಟಿದೆ ಎಂಬ ದುಃಖ ಆಮೇಲೆ ಬಂತು.

ದುಃಖಕ್ಕೆ ಕಾರಣವಿತ್ತು. ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ನಾನು ಆ ಸೈಕಲ್ಲನ್ನು ತುಳಿದುಕೊಂಡು ಕುಂಬಾರಕೊಪ್ಪಲಿನಿಂದ ಹೂಟಗಳ್ಳಿಗೆ ಹೋಗಲೇಬೇಕಿತ್ತು. ಹೋಗದಿದ್ದರೆ ನನ್ನ ಅಕ್ಕ ಕೈತಪ್ಪಿ ಹೋಗುತ್ತಿದ್ದಳು.

ಅಕ್ಕನ ವಿಷಯ ಹೇಳಿಬಿಡುತ್ತೇನೆ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಕೆಲಸದಲ್ಲಿದ್ದಾಗ ಅವಳ ಜೊತೆ ಪೇಟೆಗೆ ಹೋದರೆ ಅವಳ ಹಿಂದೆ ಓಡಿ ಓಡಿ ನನಗೆ ಪಕ್ಕೆ ಹಿಡಿಯುತ್ತಿತ್ತು. ಅಂಥವಳು ನಿವೃತ್ತಿಯಾದದ್ದೇ ತಡ, ಸೋಫಾದ ಒಂದು ಮೂಲೆಯನ್ನು ಆರಿಸಿಕೊಂಡು ಕೂತುಬಿಟ್ಟಳು. ಸಿನಿಮಾಕ್ಕೆ ಕರೆದರೆ “ಈ ವಯಸ್ಸಿಗಾ?” ಎನ್ನುತ್ತಾಳೆ. ಊಟಿಗೆ ಕರೆದರೆ “ಈ ವಯಸ್ಸಿಗಾ?” ಎನ್ನುತ್ತಾಳೆ. ಒಂದು ದಿನ ಮಸಾಲೆದೋಸೆಗೆ ಕರೆದಾಗಲೂ ಅದೇ ಮಾತು ಬಂತು. ಮಸಾಲೆದೋಸೆಗೂ ವಯಸ್ಸಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿಯದು. ಕೇಳಿದವರಿಗೆ ನಗು ಬರಬಹುದು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಅಕ್ಕ ಕಣ್ಣೆದುರಿಗೇ ಇದ್ದೂ ದಿನದಿನಕ್ಕೆ ಕಡಿಮೆಯಾಗುತ್ತಿದ್ದಳು.

ಹೋದ ವರ್ಷ ನಾನು ಸೈಕಲ್ ಕಲಿತೆ. ಮಗಳು ಹೈಸ್ಕೂಲಿಗೆ ತುಳಿದು ಬಿಟ್ಟಿದ್ದ, ಮುಂದೆ ಬುಟ್ಟಿಯಿರುವ ಸೈಕಲ್ಲು. ಕಲಿತೆ ಎನ್ನುವ ಮಾತನ್ನು ಸ್ವಲ್ಪ ಉದಾರವಾಗಿ ತೆಗೆದುಕೊಳ್ಳಬೇಕು. ಬೀದಿಯ ನಾಯಿಗಳು ನನ್ನನ್ನು ಅಟ್ಟಿಸಿಕೊಂಡು ಬರುವುದನ್ನು ಬಿಟ್ಟಿವೆ. ಓಡುವ ಅಗತ್ಯವೇ ಬೀಳದ ಬೇಟೆಯಲ್ಲಿ ಅವಕ್ಕೆ ಆಸಕ್ತಿ ಉಳಿಯಲಿಲ್ಲ. ಆದರೂ ನನ್ನ ಉತ್ಸಾಹ ಹೇಳತೀರದು. ಅಕ್ಕನಿಗೆ ಫೋನು ಮಾಡಿದಾಗಲೆಲ್ಲ “ನೀನೂ ಕಲಿಯೇ” ಎಂದು ಪೀಡಿಸುತ್ತಿದ್ದೆ. ಒಂದು ದಿನ ಅವಳಿಗೆ ರೇಗಿತು.

“ನೋಡೇ ಸುಮಾ, ನೀನು ಆ ಸೈಕಲ್ ತುಳ್ಕೊಂಡು ನಮ್ಮನೆ ಬಾಗಿಲಿಗೆ ಬಾ. ವಿಜಯದಶಮಿ ದಿನ ಬಂದ್ಯೋ, ಆವತ್ತೇ ನಾನೂ ಕಲಿಯೋಕೆ ಶುರು ಮಾಡ್ತೀನಿ. ವಿದ್ಯೆಗೆ ಒಳ್ಳೇ ದಿನ. ಬರ್ಲಿಲ್ವೋ, ಈ ಜನ್ಮದಲ್ಲಿ ನನ್ನ ಹತ್ರ ಸೈಕಲ್ ಮಾತು ಎತ್ತಕೂಡದು. ಆಯ್ತಾ?”

ನಾನು ಬರುವುದಿಲ್ಲ ಎಂಬ ಧೈರ್ಯದಿಂದಲೇ ಅವಳು ಹಾಗೆ ಹೇಳಿದ್ದು. ಮಿಕ್ಕ ದಿನಗಳಲ್ಲಾದರೆ ಅವಳ ಎಣಿಕೆ ಸರಿಯೇ. ದಾರಿಯಲ್ಲಿ ಸಿಗುವ ಹೆಬ್ಬಾಳದ ಕಾರ್ಖಾನೆ ರಸ್ತೆಯಲ್ಲಿ ಶಿಫ್ಟಿನ ಬಸ್ಸುಗಳು ಒಂದರ ಹಿಂದೆ ಒಂದು ಬರುವಾಗ ನನ್ನಂಥವಳು ಅಲ್ಲಿ ತಲೆ ಹಾಕುವಂತಿಲ್ಲ. ಆದರೆ ವಿಜಯದಶಮಿಯ ಬೆಳಿಗ್ಗೆ ಕಾರ್ಖಾನೆಗಳಿಗೆ ರಜ, ಅವುಗಳ ಬಸ್ಸುಗಳಿಗೂ ರಜ. ರಸ್ತೆಗೆ ರಸ್ತೆಯೇ ಖಾಲಿ. ಇದು ಅಕ್ಕನಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಅದೇ ಖುಷಿಯಲ್ಲಿ ತಿಂಗಳುಗಟ್ಟಲೆ ಓಡಾಡಿಕೊಂಡಿದ್ದೆ. ಈಗ ಹಿಂದಿನ ದಿನ ಈ ‘ಟಕ್’.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಪಾಠ ಹೇಳುವವಳು. ಈಗಿನ ಮಕ್ಕಳು ಅತ್ತ ಹೆಚ್ಚು ಸುಳಿಯುವುದಿಲ್ಲವಾದ್ದರಿಂದ ತರ್ಕವನ್ನು ಉಪಯೋಗಿಸುವ ಅವಕಾಶ ನನಗೆ ಸಿಗುವುದು ಮನೆಯಲ್ಲೇ. ಬೆಂಕಿಯಿಲ್ಲದೆ ಹೊಗೆಯಾಡದು; ಸಡಿಲವಿಲ್ಲದೆ ಟಕ್ ಎನ್ನದು. ಸಡಿಲ ಎಲ್ಲಿ ಎಂಬುದಷ್ಟೇ ಪ್ರಶ್ನೆ. ನಮ್ಮೆಜಮಾನರು ತಮ್ಮ ಸ್ಕೂಟರಿಗೆ ಹಾಕಿದ್ದ ಸೇವಂತಿಗೆ ಹಾರವನ್ನು ಸರಿಪಡಿಸುತ್ತ, ತಿರುಗಿಯೂ ನೋಡದೆ, “ಬ್ರೇಕು ಸಡಿಲ ಆಗಿರತ್ತೆ” ಎಂದು ತೀರ್ಪು ಕೊಟ್ಟರು. ಬ್ರೇಕನ್ನು ಅಲ್ಲಾಡಿಸಿದೆ; ಗಟ್ಟಿಯಾಗಿತ್ತು. “ಹಾಗಾದ್ರೆ ಬುಟ್ಟಿ” ಎಂದರು. ಬುಟ್ಟಿಯನ್ನು ಹಿಡಿದು ಜಗ್ಗಿದೆ, ಅಲ್ಲಾಡಲಿಲ್ಲ. ಚಕ್ರವನ್ನು ಎತ್ತಿ ಪಕ್ಕಕ್ಕೆ ತಳ್ಳಿ ನೋಡಿದೆ, ಅದೂ ಸರಿಯಿತ್ತು. “ಹಾಗಾದ್ರೆ ನಿನ್ನ ಮಂಡಿ” ಎಂದರು. ಮಂಡಿಯ ವಿಚಾರಣೆ ಆಗಲೇ ಮುಗಿದಿದೆ ಎಂದು ತಿಳಿಸಿದೆ.

ಕೊನೆಗೆ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತೂಗಿದೆ. ಟಕ್, ಟಕ್, ಟಕ್. ಕೈ ಹಾಕಿ ನೋಡುತ್ತ ಹೋದೆ. ಮುಂಚಕ್ರವನ್ನು ಹಿಡಿದುಕೊಂಡಿರುವ ಕವಲಿಗೆ ಫೋರ್ಕು ಎನ್ನುತ್ತಾರೆ. ಅದರ ಕೊಳವೆ ಸೈಕಲ್ಲಿನ ಕತ್ತಿನೊಳಗೆ ತೂರಿ ಮೇಲಕ್ಕೆ ಬರುತ್ತದೆ. ಕತ್ತಿನ ಮೇಲೊಂದು, ಕೆಳಗೊಂದು ಪುಟ್ಟ ಬಟ್ಟಲು. ಬಟ್ಟಲಲ್ಲಿ ಗ್ರೀಸು ಬಳಿದುಕೊಂಡು ಕೂತ ಉಕ್ಕಿನ ಗುಂಡುಗಳು. ಅವುಗಳ ಪುಣ್ಯದಿಂದ ನಾವು ಎಡಕ್ಕೂ ಬಲಕ್ಕೂ ತಿರುಗುವುದು. ಇದೆಲ್ಲ ಅಲುಗದಂತೆ ಮೇಲಿಂದ ಒಂದು ದೊಡ್ಡ ನಟ್ಟು ಒತ್ತಿ ಹಿಡಿದಿರುತ್ತದೆ. ಈ ಸಂಸಾರಕ್ಕೆ ಅಂಗಡಿಯವರು ಹೆಡ್‌ಸೆಟ್ಟು ಎನ್ನುತ್ತಾರೆ. ನಾನು ಹ್ಯಾಂಡಲ್ಲಿಗೆ ಹಾಕಿದ್ದ ಹಾರವನ್ನು ಪಕ್ಕಕ್ಕೆ ಸರಿಸಿ ಆ ನಟ್ಟನ್ನು ಮುಟ್ಟಿದೆ. ಅದು ಕೊಬ್ಬರಿಎಣ್ಣೆ ಬಾಟಲಿಯ ಮುಚ್ಚಳದಂತೆ ಗಿರ್ರನೆ ತಿರುಗಿತು.

ಆಗ ನೆನಪಾಯಿತು. ಬೆಳಿಗ್ಗೆ ನಾನು ಹುಣಸೆಹಣ್ಣು ಹಾಕಿ ದೇವರ ದೀಪಗಳನ್ನು ತಿಕ್ಕುತ್ತಿದ್ದೆ. ದೀಪಗಳು ಫಳಫಳ ಹೊಳೆಯುವುದನ್ನು ಕಂಡು ಸೈಕಲ್ಲಿನ ನಟ್ಟೂ ಹಾಗೇ ಹೊಳೆಯಲಿ ಎಂಬ ಆಸೆಯಾಯಿತು. ಸ್ಕ್ರೂ ಸ್ಪ್ಯಾನರ್ ತಂದು ನಟ್ಟನ್ನು ಸಡಿಲಿಸಿ ಮೇಲಕ್ಕೆತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೊಳೆದೆ. ನಟ್ಟು ಚೆನ್ನಾಗಿಯೇ ಹೊಳೆಯಿತು. ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಪೂಜೆ ಆದಮೇಲೆ ಬಿಗಿ ಮಾಡೋಣ ಎಂದುಕೊಂಡೆ. ಆಮೇಲೆ ಸ್ಪ್ಯಾನರನ್ನೂ ಚೆನ್ನಾಗಿ ಒರೆಸಿ, ಶ್ರದ್ಧೆಯಿಂದ ತೆಗೆದುಕೊಂಡು ಹೋಗಿ, ಪೂಜೆಗೆ ಇಟ್ಟುಬಿಟ್ಟೆ.

ಇದರ ಗಾಂಭೀರ್ಯ ತಿಳಿಯಬೇಕಾದರೆ ನಮ್ಮ ಅತ್ತೆಯವರು ಯಾರು ಎಂಬುದು ತಿಳಿಯಬೇಕು. ಅತ್ತೆಗೆ ಎಂಬತ್ತರ ಹತ್ತಿರ. ಅವರ ಮಾವನವರು ಅರಮನೆಯಲ್ಲಿ ಪೂಜಾಸಾಮಗ್ರಿ ಜೋಡಿಸುವ ಕೆಲಸದಲ್ಲಿದ್ದವರು. ಹೀಗಾಗಿ ಆಯುಧಪೂಜೆ ನಮ್ಮ ಮನೆಯ ಸ್ವಂತ ಇಲಾಖೆ ಎಂಬುದು ಅತ್ತೆಯ ಭಾವನೆ. ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಸುತ್ತಿಗೆ, ಕತ್ತರಿ, ಇಸ್ತ್ರಿಪೆಟ್ಟಿಗೆ, ನನ್ನ ಪಾಠದ ಪುಸ್ತಕ, ಯಜಮಾನರ ಲ್ಯಾಪ್‌ಟಾಪು, ಎಲ್ಲಕ್ಕೂ ಮಧ್ಯೆ ನನ್ನ ಸ್ಪ್ಯಾನರು. ಎಲ್ಲದರ ಹಣೆಗೂ ಕುಂಕುಮ. ಸ್ಪ್ಯಾನರಿನ ಹಣೆ ಯಾವುದು ಎಂದು ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಬಾಯಿಯ ಮೇಲ್ಭಾಗಕ್ಕೆ ಇಟ್ಟಿದ್ದರು. ಒಮ್ಮೆ ಪೂಜೆಯಾಯಿತೋ, ಮಾರನೆಯ ದಿನ ಮತ್ತೆ ಪೂಜೆ ಮಾಡಿ ಕದಲಿಸುವ ತನಕ ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿದ ಸಾಮಾನುಗಳಿಗೆ ಅದು ರಜ. ಮಾರನೆಯ ದಿನದ ಪೂಜೆಯೂ ನಮ್ಮ ಮನೆಯಲ್ಲಿ ಅಡಿಗೆಯೆಲ್ಲ ಮುಗಿದು ನೈವೇದ್ಯಕ್ಕೆ ಸಿದ್ಧವಾದ ಮೇಲೆಯೇ. ಅಷ್ಟು ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು, ಜಂಬೂ ಸವಾರಿಯ ಮೆರವಣಿಗೆಗೆ ಹೊರಟ ಜನ ರಸ್ತೆ ತುಂಬಿರುತ್ತಾರೆ.

“ಅತ್ತೆ, ಸೈಕಲ್ ಓಡಿಸಬಹುದು ಅಂದ್ರಲ್ಲ, ಅದಕ್ಕೂ ಪೂಜೆ ಆಗಿದೆಯಲ್ಲ” ಎಂದೆ.

“ಅದು ವಾಹನ ಕಣಮ್ಮ. ವಾಹನ ಪೂಜೆ ಆದಮೇಲೆ ಓಡಲೇಬೇಕು, ಅದಕ್ಕೇ ನಿಂಬೆಹಣ್ಣು ಇಡೋದು. ಸ್ಪ್ಯಾನರು ಆಯುಧ. ಆಯುಧ ಮುಟ್ಟಬಾರದು” ಎಂದರು ಅತ್ತೆ.

ಅಂದರೆ ನನ್ನ ಸೈಕಲ್ಲು ಓಡಲೇಬೇಕು, ಆದರೆ ರಿಪೇರಿಯಾಗಕೂಡದು. ಎಷ್ಟೋ ಜನರ ಸಂಸಾರವೂ ಇದೇ ನಿಯಮದ ಮೇಲೆ ನಡೆಯುತ್ತಿರುವುದರಿಂದ ನಾನು ಎದುರಾಡಲಿಲ್ಲ. ಅತ್ತೆಯ ಕಣ್ಣು ತಪ್ಪಿಸಿ ತೆಗೆದುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅತ್ತೆ ಮಣೆಯ ಎದುರಿಗೇ ಕೂತು ಹೂ ಕಟ್ಟುತ್ತಿದ್ದರು ಎಂಬುದು ಒಂದು ಉತ್ತರ. ಸೈಕಲ್ ಕಲಿಯುವಾಗ ಬಿದ್ದು ಬಂದ ನನ್ನ ಮೊಣಕೈಗೆ ಅರಿಸಿನ ಹಚ್ಚಿ, “ನಾಳೆ ಮತ್ತೆ ಹೋಗು” ಎಂದು ಕಳಿಸಿದವರು ಅವರು. ಅಂಥವರ ಬೆನ್ನ ಹಿಂದೆ ಕಳ್ಳತನ ಮಾಡುವ ಮನಸ್ಸು ನನಗೆ ಬರಲಿಲ್ಲ ಎಂಬುದು ನಿಜವಾದ ಉತ್ತರ.

ಸರಿ, ಪೂಜೆಯಾಗದ ಸ್ಪ್ಯಾನರೊಂದನ್ನು ಹುಡುಕಿಕೊಂಡು ಬೀದಿಗೆ ಹೊರಟೆ. ಸಾಸಿವೆ ಕೇಳುತ್ತ ಮನೆಮನೆ ಅಲೆಯುವ ಕಥೆ ನೆನಪಾಗಿ ಒಬ್ಬಳೇ ನಕ್ಕೆ. ಎದುರುಮನೆಯವರದು ಕಾರಿನ ಡಿಕ್ಕಿಯಲ್ಲಿತ್ತು. ಡಿಕ್ಕಿಗೆ ಬಾಳೆಕಂದು ಕಟ್ಟಿ ಮಂಗಳಾರತಿ ಆಗಿತ್ತು. ಪಕ್ಕದ ಮನೆಯವರು ಹೆಬ್ಬಾಳದ ಕಾರ್ಖಾನೆಯಲ್ಲಿರುವವರು. ಅವರ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಸಮೇತ ಎಲ್ಲಕ್ಕೂ ಪೂಜೆಯಾಗಿ, ಅದರ ಪ್ರಸಾದದ ಪೊಟ್ಟಣ ನನ್ನ ಕೈಗೇ ಬಂತು. ಮೂಲೆಯ ವೆಲ್ಡಿಂಗ್ ಅಂಗಡಿಯ ಸಾಹೇಬರು ನಮಾಜು ಮಾಡುವವರು, ಅವರ ಹತ್ತಿರ ಸಿಕ್ಕೀತು ಎಂದು ಧಾವಿಸಿದೆ. “ನಮ್ ಹುಡುಗರು ಬುಡ್ತಾರಾ ಮೇಡಂ? ನನ್ ಕೈಲೇ ಕುಂಬಳಕಾಯಿ ಒಡೆಸ್ಬುಟ್ರು. ಇನ್ ನಾಳಿದ್ದೇ ಬಾಗ್ಲು” ಎಂದು ಅವರೂ ಒಂದು ಪೊಟ್ಟಣ ಕೊಟ್ಟರು.

ಕೊನೆಯ ಆಸೆ ಸೈಕಲ್ ಅಂಗಡಿ. ಅಂಗಡಿಯ ಮಾದಪ್ಪ ಯಾವತ್ತೂ ಗ್ರೀಸಿನಲ್ಲಿ ಮಿಂದವರಂತೆ ಇರುತ್ತಿದ್ದವರು ಅವತ್ತು ರೇಷ್ಮೆ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಹಿಂದೆ ಗೋಡೆಯ ತುಂಬ ಸ್ಪ್ಯಾನರುಗಳು, ಪ್ರತಿಯೊಂದಕ್ಕೂ ಮೂರು ಬೆರಳಿನ ವಿಭೂತಿ.

“ಬನ್ನಿ ಬನ್ನಿ ಅಕ್ಕ. ಕಡ್ಲೆಪುರಿ ತಗಳಿ. ಏನು, ಹ್ಯಾಂಡ್ಲು ಆಡ್ತಾ ಐತಾ? ಎರಡು ಸುತ್ತಿನ್ ಕೆಲ್ಸ. ಆದ್ರೆ ಇವತ್ತು ಮುಟ್ಟಂಗಿಲ್ಲ ಕಣಕ್ಕ. ಪೂಜೆ ಮಾಡ್ಬುಟ್ಟಿದೀನಿ.”

“ನಾಳೆ ಬೆಳಿಗ್ಗೆ?”

“ನಾಳೆ ನಮ್ ಮನೆಯೋರೆಲ್ಲ ಜಂಬೂ ಸವಾರಿ ನೋಡಕ್ಕೆ ಹೊತ್ತಿಗ್ ಮುಂಚೆನೇ ಜಾಗ ಹಿಡಿಯಕ್ ಹೋಯ್ತೀವಿ. ಲಾಡು ತಗಳಿ.”

ಕೇಳಿದ್ದು ಸ್ಪ್ಯಾನರು, ಸಿಕ್ಕಿದ್ದು ಪುರಿ. ಕೈತುಂಬ ಪೊಟ್ಟಣಗಳೊಂದಿಗೆ ಮನೆಗೆ ಬಂದೆ. ಯಜಮಾನರು ಮೊಬೈಲಿನಲ್ಲಿ ಹೊಸ ಸ್ಪ್ಯಾನರನ್ನೇ ತರಿಸಿಬಿಡೋಣ ಎಂದು ಹೊರಟರು. “ಹೊಸ ಸಾಮಾನು ಬರತ್ತಾ? ಬರಲಿ, ಬಾಗಿಲಲ್ಲೇ ಕುಂಕುಮ ಇಟ್ಟು ಒಳಗೆ ತಗೊಳ್ಳೋಣ” ಎಂದು ಅತ್ತೆ ಒಳಗಿನಿಂದ ಸಂಭ್ರಮದಿಂದ ಹೇಳಿದರು. ಯಜಮಾನರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ನಾನು ಅಡಿಗೆಮನೆಯ ಇಕ್ಕಳ ತಂದು ನಟ್ಟಿನ ಮೇಲೆ ಪ್ರಯೋಗ ಮಾಡಿದೆ. ಹಾಲಿನ ಪಾತ್ರೆ ಇಳಿಸುವ ಇಕ್ಕಳ ಅದು. ಜಾರಿ ಜಾರಿ ಕೊನೆಗೆ ನನ್ನ ಬೆರಳನ್ನು ಕಚ್ಚಿತು.

ಸಂಜೆ ಅಡಿಗೆಮನೆಯಲ್ಲಿ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದೆ. ಅಕ್ಕನಿಗೆ ಫೋನು ಮಾಡಿ ಸೋತೆ ಎಂದು ಹೇಳಬೇಕು. ಅವಳು “ಹೋಗ್ಲಿ ಬಿಡೇ, ಈ ವಯಸ್ಸಿಗೆ ಅದೆಲ್ಲ ಯಾಕೆ” ಎಂದು ನನ್ನನ್ನೇ ಸಮಾಧಾನ ಮಾಡುತ್ತಾಳೆ. ಆ ಸಮಾಧಾನವನ್ನು ನೆನೆದೇ ನನ್ನ ಕಣ್ಣು ತುಂಬಿ ಬಂತು. ಎದುರಿಗೆ ಅತ್ತೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಹೆಚ್ಚುತ್ತಿದ್ದದ್ದು ಈಳಿಗೆಮಣೆಯಲ್ಲಿ. ಈಳಿಗೆಯ ಹಣೆಯಲ್ಲಿ ಬೆಳಗಿನ ಕುಂಕುಮ ಇನ್ನೂ ಅಳಿಸಿರಲಿಲ್ಲ.

“ಅತ್ತೆ, ಈಳಿಗೆಗೂ ಪೂಜೆ ಆಗಿದೆಯಲ್ಲ? ಅದನ್ನ ಹೇಗೆ ಮುಟ್ಟಿದ್ರಿ?”

“ಇದನ್ನ ಮುಟ್ಟದೇ ಇದ್ರೆ ರಾತ್ರಿ ಊಟ ಎಲ್ಲಿಂದ ಬರತ್ತೆ? ಇದು ಹೆಂಗಸರ ಆಯುಧ ಕಣಮ್ಮ. ಇದಕ್ಕೆ ಯಾವ ಕಾಲದಲ್ಲಿ ರಜ ಇತ್ತು?”

ಹೇಳಿದ ಮೇಲೆ ಅತ್ತೆಯ ಕೈ ಅಲ್ಲೇ ನಿಂತಿತು. ಸೌತೆಕಾಯಿ ಅರ್ಧ ಹೆಚ್ಚಿದಂತೆಯೇ ಉಳಿಯಿತು. ಅವರು ತಮ್ಮ ಮಾತನ್ನು ತಾವೇ ಇನ್ನೊಂದು ಸಲ ಕೇಳಿಸಿಕೊಂಡವರಂತೆ ನನ್ನ ಮುಖ ನೋಡಿದರು.

“ಆ ಸ್ಪ್ಯಾನರು ಯಾರದು?”

“ನನ್ನದೇ ಅತ್ತೆ. ಸೈಕಲ್ಲಿಗೆ ಅಂತ ನಾನೇ ತಂದದ್ದು.”

“ನಿನ್ನದು ತಾನೆ? ಹಾಗಾದ್ರೆ ಅದೂ ಹೆಂಗಸರ ಆಯುಧವೇ ಆಯ್ತು. ಅದಕ್ಕೆ ಮಾತ್ರ ಯಾಕಮ್ಮ ರಜ? ಎದ್ದು ತಗೋ ಹೋಗು!”

ಹೆಂಗಸರ ಯಾವ ಆಯುಧಕ್ಕೂ ರಜವಿಲ್ಲ. ಈ ಸ್ಪ್ಯಾನರು ಹೆಂಗಸಿನದು. ಆದ್ದರಿಂದ ಈ ಸ್ಪ್ಯಾನರಿಗೂ ರಜವಿಲ್ಲ. ಎಷ್ಟೋ ವರ್ಷಗಳಿಂದ ಕಪ್ಪುಹಲಗೆಯ ಮೇಲೆ ನಾನು ಬರೆಯುತ್ತ ಬಂದ ಮೂರು ಸಾಲು ಅಷ್ಟು ರುಚಿಯಾಗಿ ಎಂದೂ ಕೇಳಿಸಿರಲಿಲ್ಲ. ನಾನು ಅತ್ತೆಯನ್ನು ಸೌತೆಕಾಯಿಯ ಸಮೇತ ಅಪ್ಪಿಕೊಂಡುಬಿಟ್ಟೆ. “ಈಳಿಗೆ, ಈಳಿಗೆ!” ಎಂದು ಅವರು ಕೂಗಿಕೊಂಡರು. ನಡುಮನೆಯಲ್ಲಿ ಕೂತಿದ್ದ ಯಜಮಾನರು, “ಅಮ್ಮ, ಹಾಗಾದ್ರೆ ನನ್ನ ಲ್ಯಾಪ್‌ಟಾಪು?” ಎಂದರು. “ಅದು ಗಂಡಸರದು. ಮಲಗಿರಲಿ ಪಾಪ” ಎಂದು ಉತ್ತರ ಬಂತು.

ಅತ್ತೆಯೂ ಅಂಗಳಕ್ಕೆ ಬಂದರು. ನಾನು ಸ್ಪ್ಯಾನರಿಗೆ ನಮಸ್ಕಾರ ಮಾಡಿ ನಟ್ಟನ್ನು ಜೀವ ಬಿಟ್ಟು ಬಿಗಿದೆ. ಟಕ್ ನಿಂತಿತು. ಅದರ ಜೊತೆಗೆ ಹ್ಯಾಂಡಲ್ ತಿರುಗುವುದೂ ನಿಂತಿತು. ನೇರವಾಗಿ ಹೂಟಗಳ್ಳಿಯವರೆಗೆ ರಸ್ತೆ ಇದ್ದಿದ್ದರೆ ತೊಂದರೆಯಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲೇ ತಿರುವಿದೆ. ನಟ್ಟನ್ನು ತಿರುಗಿಸಿದರೆ ಅದರ ಕೆಳಗಿನ ಬಟ್ಟಲೂ ಜೊತೆಯಲ್ಲೇ ತಿರುಗಿ ಗುಂಡುಗಳ ಕುತ್ತಿಗೆ ಹಿಸುಕುತ್ತಿತ್ತು. ಮತ್ತೆ ಸಡಿಲಿಸಿದೆ. ಬಟ್ಟಲನ್ನು ಮೊದಲು ಕೈಯಲ್ಲೇ ಹದವಾಗಿ ಕೂರಿಸಿ, ಅದು ಕದಲದಂತೆ ಯಾರಾದರೂ ಹಿಡಿದುಕೊಳ್ಳಬೇಕು. ಆಮೇಲೆ ಮೇಲಿನ ನಟ್ಟನ್ನು ಬಿಗಿಯಬೇಕು. ಅತ್ತೆ ಒದ್ದೆ ಬಟ್ಟೆ ಸುತ್ತಿ ಬಟ್ಟಲನ್ನು ಹಿಡಿದರು. ವರ್ಷವರ್ಷವೂ ಚಕ್ಕುಲಿ ಒರಳನ್ನು ಒತ್ತಿದ ಕೈ, ಬಟ್ಟಲು ಮಿಸುಕಲಿಲ್ಲ. ನಾನು ಬಿಗಿದೆ. ಮುಂಚಕ್ರವನ್ನು ಎತ್ತಿದೆ, ಹ್ಯಾಂಡಲ್ ತಾನಾಗಿಯೇ ಹಗುರವಾಗಿ ಪಕ್ಕಕ್ಕೆ ವಾಲಿತು. ಬ್ರೇಕು ಹಿಡಿದು ತೂಗಿದೆ, ಸದ್ದಿಲ್ಲ.

ಬಹಳ ಸಡಿಲವೂ ಆಗಬಾರದು, ಬಹಳ ಬಿಗಿಯೂ ಆಗಬಾರದು ಎಂಬ ಈ ಸ್ಥಳದಲ್ಲಿ ಜೀವನದ ಬಗ್ಗೆ ನಾಲ್ಕು ಮಾತು ಹೇಳಲು ಬಾಯಿ ತೆರೆದೆ. “ಒಳಗೆ ಬಾ, ಕೋಸಂಬರಿ ನೀರು ಬಿಡತ್ತೆ” ಎಂದರು ಅತ್ತೆ. ಹೀಗೆ ಒಂದು ದೊಡ್ಡ ತತ್ತ್ವ ಕೋಸಂಬರಿಯ ಪಾಲಾಯಿತು.

ಬೆಳಿಗ್ಗೆ ಹೆಲ್ಮೆಟ್ಟು ಬಿಗಿದುಕೊಂಡು ಹೊರಟೆ. ಆ ಸವಾರಿಯನ್ನು ಹೇಗೆ ವರ್ಣಿಸಲಿ? ಕಾರ್ಖಾನೆಗಳ ಗೇಟುಗಳಲ್ಲಿ ಬಾಳೆಕಂದುಗಳು ಬಾಡಿ ತಲೆ ಬಾಗಿದ್ದವು. ರಸ್ತೆಯಲ್ಲೆಲ್ಲ ಒಡೆದ ಬೂದುಗುಂಬಳದ ಚೂರುಗಳು. ಅವುಗಳ ನಡುವೆ ಎಡಕ್ಕೆ ಬಲಕ್ಕೆ ತಿರುಗುತ್ತ ಹೋಗುವುದಿತ್ತಲ್ಲ, ಹ್ಯಾಂಡಲ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಕುಂಬಳಕಾಯಿ ಇಲ್ಲದ ಕಡೆಯೂ ನಾನು ತಿರುಗಿಸಿದೆ. ರಿಂಗ್ ರಸ್ತೆಯನ್ನು ಇಳಿದು ತಳ್ಳಿಕೊಂಡು ದಾಟಿ, ಮತ್ತೆ ಹತ್ತಿ, ಯಾರೂ ಇಲ್ಲದ ರಸ್ತೆಯಲ್ಲಿ ಸುಮ್ಮಸುಮ್ಮನೆ ಗಂಟೆ ಬಾರಿಸಿದೆ. ಕಾವಲುಗಾರನೊಬ್ಬ ಎದ್ದು ಸೆಲ್ಯೂಟು ಹೊಡೆದ. ಯಾರೆಂದುಕೊಂಡನೋ! ನಾನೂ ಒಂದು ಸೆಲ್ಯೂಟು ಹೊಡೆಯಲು ಹೋಗಿ ಬೀಳುವುದರಲ್ಲಿದ್ದೆ.

ಅಕ್ಕ ಬಾಗಿಲ ತೋರಣ ಸರಿಮಾಡುತ್ತಿದ್ದಳು. ಗಂಟೆಯ ಸದ್ದಿಗೆ ತಿರುಗಿದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಅಯ್ಯೋ, ನಿಜವಾಗ್ಲೂ ಬಂದ್ಬಿಟ್ಯಲ್ಲೇ!”

ಆಮೇಲೆ ಕಾಫಿ ಎಂದಳು. ಕುಡಿದೆ. ಇನ್ನೊಂದು ಲೋಟ ಎಂದಳು. ಅದನ್ನೂ ಕುಡಿದೆ. ಪಕ್ಕದ ಮನೆಯವರು ಎದ್ದಿದ್ದಾರೆ ಎಂದಳು, ಸೀರೆ ಸಿಕ್ಕಿಕೊಳ್ಳುತ್ತೆ ಎಂದಳು, ಭಾವನ ತಿಂಡಿ ಆಗಬೇಕು ಎಂದಳು. ಭಾವ ಆಗಲೇ ತಿಂಡಿ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದು ಅವಳ ಪಕ್ಕದಲ್ಲಿ ನಿಂತರು. “ಈ ವಯ...” ಎಂದು ಬಾಯಿ ತೆರೆದಳು. ಬೆವರಿನಲ್ಲಿ ಕುಂಕುಮ ಇಳಿದು ಮೂಗಿನವರೆಗೆ ಬಂದಿದ್ದ ನನ್ನ ಮುಖ ನೋಡಿ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ನಿಜವಾಗಿಯೂ ಹೆದರಿದೆ.

ಬಂದಳು. ಭಾವನ ವಾಕಿಂಗ್ ಶೂ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಬಂದಳು. ನಾನು ಹಿಂದೆ ಹಿಡಿದೆ, ಭಾವ ಮುಂದೆ ಹಿಡಿದರು. ಮೂವರೂ ಸೇರಿ ಒಂದು ಸೈಕಲ್ಲನ್ನು ಆ ಬೀದಿಯ ತುದಿಯವರೆಗೆ ಓಡಿಸಿದೆವು. ಎರಡನೆಯ ಸಲ ಭಾವ ಉಸಿರು ಸಾಲದೆ ಸೈಕಲ್ಲಿನ ಕೈಬಿಟ್ಟರು. ಮೂರನೆಯ ಸಲ ಅಕ್ಕ ನೇರವಾಗಿ ದಾಸವಾಳದ ಬೇಲಿಯೊಳಗೆ ಹೋದಳು. ನಾವು ಓಡಿ ಹೋಗಿ ನೋಡಿದರೆ, ತಲೆಯ ತುಂಬ ದಾಸವಾಳದ ಎಲೆ ಮುಡಿದುಕೊಂಡು ಬೇಲಿಯಲ್ಲೇ ಕೂತು ನಗುತ್ತಿದ್ದಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ನನಗೆ ಅಳು ಬಂತು, ನಗುತ್ತಲೇ ಅತ್ತುಬಿಟ್ಟೆ. “ಎತ್ರೇ ನನ್ನ, ಇನ್ನೊಂದು ಸಲ ಹೋಗ್ತೀನಿ” ಎಂದಳು ಅಕ್ಕ.

ಇನ್ನೊಂದು ಸಲ ಎನ್ನುವುದು ಹತ್ತಾರು ಸಲ ಆಯಿತು. ನಾನು ಹೊರಟು ನಿಂತಾಗ ಅಕ್ಕ ಹ್ಯಾಂಡಲ್ ಬಿಡಲಿಲ್ಲ.

“ಇದು ಇಲ್ಲೇ ಇರಲಿ ಕಣೇ. ನಾಳೆ ಬೆಳಿಗ್ಗೆ ನನಗೆ ಬೇಕು. ನೀನು ಬಸ್ಸಿನಲ್ಲಿ ಹೋಗು, ನಿನಗೇನು, ಆಧಾರ್ ತೋರಿಸಿದ್ರೆ ಆಯ್ತು.”

ನಾನು ಬಸ್ಸು ಹತ್ತಿದೆ. ಮೆರವಣಿಗೆಗೆ ಹೊರಟ ಜನ ಚಾಪೆ, ಕೊಡೆ, ಪುಳಿಯೋಗರೆಯ ಡಬ್ಬಿಗಳೊಂದಿಗೆ ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು. ನಾನು ಕಂಬ ಹಿಡಿದು ನಿಂತು, ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಕಂಡಕ್ಟರು ಬಂದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಯಾಕಮ್ಮ, ನಮ್ ಡ್ರೈವರ್ ಮೇಲೆ ನಂಬ್ಕೆ ಇಲ್ವಾ?”

ತಲೆ ಮುಟ್ಟಿ ನೋಡಿಕೊಂಡೆ. ಹೆಲ್ಮೆಟ್ಟು ಹಾಗೆಯೇ ಇತ್ತು, ಗಲ್ಲದ ಪಟ್ಟಿಯನ್ನೂ ಬಿಚ್ಚಿರಲಿಲ್ಲ. ಬಸ್ಸಿಗೆ ಬಸ್ಸೇ ನಕ್ಕಿತು. “ನಂಬಿಕೆ ಇದೆ ಕಣ್ರೀ. ಸೈಕಲ್ಲನ್ನ ಅಕ್ಕ ಕಿತ್ಕೊಂಡ್ಳು, ಇದೊಂದು ಉಳೀತು” ಎಂದೆ. ಹೇಳುತ್ತಿದ್ದಂತೆಯೇ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಅಕ್ಕನೇ. ನಾನು ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡೇ ಫೋನು ಎತ್ತಿದೆ. ಹೆಲ್ಮೆಟ್ಟನ್ನೂ ಅವಳಿಗೆ ಕೊಟ್ಟುಬಿಡುವುದೆಂದು ಮನಸ್ಸು ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು.